ಮಂಡಿ, ಮುಂಡಿ ಮತ್ತು ಬೂಬಮ್ಮ

ಬೂಬಮ್ಮ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಮುಂಗೈ ನೋಡುತ್ತಿದ್ದಳು. ಎದುರಿಗೆ ಬಂದವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂಬುದು ಆಕೆಗೆ ಎರಡನೆಯ ಮಾತು. ಅವರ ಕೈಗೆ ಯಾವ ಸೈಜಿನ ಬಳೆ ಏರುತ್ತದೆ ಎಂಬುದು ಮೊದಲನೆಯದು. ಬಳೆ ವ್ಯಾಪಾರದವರು ಸೈಜನ್ನು ಎರಡು ನಾಕು, ಎರಡು ಆರು, ಎರಡು ಎಂಟು ಎಂದು ಹೇಳುತ್ತಾರೆ. ಬೂಬಮ್ಮನ ಪಾಲಿಗೆ ಕೊಟ್ಟೂರಿನ ಹೆಂಗಸರ ಹೆಸರುಗಳೂ ಅವೇ. ನಮ್ಮವ್ವ ಎರಡು ನಾಕು. ಕನ್ಯಾಶಾಲೆಯ ಹೆಡ್ ಮೇಡಂ ಎರಡು ಎಂಟು. ನಮ್ಮ ಓಣಿಯಲ್ಲಿ ಎರಡು ಆರು ಇಬ್ಬರಿದ್ದುದರಿಂದ ಗೊಂದಲವಾಗಬಾರದೆಂದು ಒಬ್ಬಳನ್ನು ಸಿಟ್ಟಿನ ಎರಡು ಆರು ಎಂದೂ ಇನ್ನೊಬ್ಬಳನ್ನು ಅಳೋ ಎರಡು ಆರು ಎಂದೂ ವಿಂಗಡಿಸಿದ್ದಳು. ಗಂಡಸರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಹೊಸ ತಹಸೀಲ್ದಾರರು ಊರಿಗೆ ಬಂದು ಭಾಷಣ ಮಾಡಿ ಹೋದ ದಿನ, ಸಾಹೇಬರು ಹೆಂಗದಾರ ಎಂದು ಯಾರೋ ಕೇಳಿದ್ದಕ್ಕೆ, "ಪಾಪ, ಎರಡು ನಾಕೂ ಸಡ್ಲಾಗತೈತಿ ಅವರಿಗೆ" ಎಂದು ಸರಕಾರದ ಬಗೆಗಿನ ತನ್ನ ಅಭಿಪ್ರಾಯವನ್ನು ಮುಗಿಸಿದ್ದಳು. ನಾನು ಆಗ ಯಾವ ಅಂಕಿಗೂ ನಿಲುಕದ ಪ್ರಾಣಿ. ನನ್ನನ್ನು ಕೂಸಿನ ಸೈಜು ಎಂದು ಕರೆಯುತ್ತಿದ್ದಳು.

ಹೆಸರು ಖಾಸಿಂಬಿ ಎಂದಿದ್ದರೂ ಊರಿಗೆಲ್ಲ ಆಕೆ ಬೂಬಮ್ಮ. ಹೆಗಲ ಮೇಲೆ ಬಳೆಯ ಮಲಾರ, ಬಾಯಲ್ಲಿ ಎಲೆ-ಅಡಿಕೆ, ಅದರ ಸಂದಿಯಲ್ಲಿ ಕಡ್ಡಿಪುಡಿ, ಆ ಮೂರರ ನಡುವೆ ಹೇಗೋ ಜಾಗ ಮಾಡಿಕೊಂಡು ಹೊರಗೆ ಬರುವ ಸುದ್ದಿ. ಬಳೆ ಇಡುವಾಗ ಆಕೆ ಕೈಯನ್ನು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳ ಬುಡ ಹಿಚುಕುತ್ತ, ಪಕ್ಕದ ಮನೆಯಲ್ಲಿ ನಿನ್ನೆ ನಡೆದದ್ದನ್ನು ಹೇಳುತ್ತ ಹೇಳುತ್ತ, ಸರಿಯಾಗಿ ಪ್ರಾಣ ಹೋಗುವಂಥ ಜಾಗಕ್ಕೆ ಬಂದಾಗ ಮಾತು ನಿಲ್ಲಿಸುತ್ತಿದ್ದಳು. ಆಮೇಲೇನಾಯಿತೆಂಬ ಕುತೂಹಲದಲ್ಲಿ ಕೇಳುವವಳು ಕೈ ಬಿಗಿ ಹಿಡಿಯುವುದನ್ನು ಮರೆಯಬೇಕು. ಮರೆತ ಆ ಗಳಿಗೆಯಲ್ಲಿ ಬಳೆ ಒಳಗೆ ಹೋಗಿರುತ್ತಿತ್ತು. ಹೀಗೆ ಇಡೀ ಊರಿನ ಗುಟ್ಟುಗಳು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿ ಹೋಗುತ್ತಿದ್ದವು. ದಾಟದೆ ಉಳಿದದ್ದು ಒಂದೇ ಒಂದು, ಅದು ಬೂಬಮ್ಮನದೇ. ಊರಿಗೆಲ್ಲ ಬಳೆ ಇಡುವ ಆಕೆಯ ಕೈ ಬೋಳು. ಆಕೆಗೆ ಗಂಡ ಇದ್ದಾನೋ ಇಲ್ಲವೋ, ಇದ್ದರೆ ಗುಂತಕಲ್ಲಿನಲ್ಲಿ ಇದ್ದಾನೋ, ಇಲ್ಲವಾದರೆ ಯಾವಾಗಿನಿಂದ ಇಲ್ಲ ಎಂಬ ವಿಷಯದಲ್ಲಿ ಕೊಟ್ಟೂರು ಒಂದು ತೀರ್ಮಾನಕ್ಕೆ ಬಂದಿರಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ, ಏಕೆಂದರೆ ಕೇಳುವವರ ಗುಟ್ಟೂ ಆಕೆಯ ಹತ್ತಿರವೇ ಇತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಮ್ಮ ಜಿಲ್ಲೆಯ ಹೆಸರನ್ನು ನಾಡಿನುದ್ದಕ್ಕೂ ಹೊತ್ತು ಮೆರೆಯುತ್ತಿರುವ ಏಕೈಕ ಗಿಡವೆಂದರೆ ಬಳ್ಳಾರಿ ಜಾಲಿ. ಅದರ ಬೇಲಿಯ ಆಚೆ ಹಾರಿ ಬಿದ್ದ ಚೆಂಡನ್ನು ತರಲು ನುಗ್ಗಿದ ನಾನು ಮೊಣಕಾಲೂರಿ ಬಿದ್ದೆ. ಮುಳ್ಳು ನೆಟ್ಟಿತು. ಎಳೆದಾಗ ಅರ್ಧ ಬಂತು, ಇನ್ನರ್ಧ ಒಳಗೇ ವಾಸ್ತವ್ಯ ಹೂಡಿತು. ಅರಿಶಿನ, ಬೆಲ್ಲ, ಸುಣ್ಣ, ಎಕ್ಕೆಯ ಹಾಲು ಎಲ್ಲವೂ ಸರದಿಯಂತೆ ಬಂದು ಮೊಣಕಾಲಿನ ದರ್ಶನ ಮಾಡಿ ಹೋದವು. ಕಾಲು ಕುಂಬಳಕಾಯಿಯಾಗಿ, ಜ್ವರ ನೆತ್ತಿಗೇರಿದ ಮೇಲೆ ಅಪ್ಪ ನನ್ನನ್ನು ಹೊತ್ತುಕೊಂಡು ಹರಪನಹಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದ. ಅಲ್ಲಿ ಮೈಸೂರು ಕಡೆಯ ಡಾಕ್ಟರೊಬ್ಬರು ಮೊಣಕಾಲು ಕೊಯ್ದು, ಕೀವು ತೊಳೆದು, ಮುಳ್ಳಿನ ಉಳಿದರ್ಧವನ್ನು ಹೊರತೆಗೆದರು.

ಇಲ್ಲಿಯವರೆಗೆ ಎಲ್ಲವೂ ವೈದ್ಯಶಾಸ್ತ್ರ. ಮುಂದಿನದು ಭಾಷಾಶಾಸ್ತ್ರ.

ನಮ್ಮ ಕಡೆ ಮೊಣಕಾಲಿಗೆ ಮೊಣಕಾಲು ಎನ್ನುತ್ತೇವೆ. ಡಾಕ್ಟರು ತಮ್ಮ ಸೀಮೆಯ ಪದ್ಧತಿಯಂತೆ ಮಂಡಿ ಎಂದರು. ನಮ್ಮಪ್ಪ ಪೋಸ್ಟಾಫೀಸಿನಲ್ಲಿ ಗುಮಾಸ್ತ. ದೊಡ್ಡವರು ಕೊಟ್ಟದ್ದನ್ನು ಒಂದಕ್ಷರ ಬದಲಿಸದೆ ಮುಟ್ಟಿಸುವುದು ಅವನ ವೃತ್ತಿಧರ್ಮ. ಅವನು ಎಸ್ಟೀಡಿ ಬೂತಿಗೆ ಹೋಗಿ ಊರಿಗೆ ಫೋನು ಮಾಡಿದ. ನಮ್ಮ ಓಣಿಗೆಲ್ಲ ಇದ್ದ ಒಂದೇ ಫೋನು ಕಿರಾಣಿ ಅಂಗಡಿಯದು. ಅಂಗಡಿಯವನು ಉಣ್ಣಲು ಒಳಗೆ ಹೋಗಿದ್ದ. ಕಟ್ಟೆಯ ಮೇಲೆ ಮಲಾರ ಇಳಿಸಿ ಕೂತಿದ್ದ ಬೂಬಮ್ಮ ಫೋನೆತ್ತಿದಳು. "ಹುಡುಗೀದು ಮಂಡಿ ತೆರೆದು ಕೀವು ತಗದಾರ, ಮನ್ಯಾಗ ಹೇಳ್ರಿ" ಎಂದು ಅಪ್ಪ ಕೂಗಿ ಹೇಳಿದ. ಲೈನಿನಲ್ಲಿ ಗರಗರ. ಬೂಬಮ್ಮನ ಮನೆಮಾತಾದ ಉರ್ದುವಿನಲ್ಲಿ ಮುಂಡಿ ಎಂದರೆ ತಲೆ. ಮಂಡಿಗೂ ಮುಂಡಿಗೂ ನಡುವೆ ಇರುವುದು ಒಂದು ಕೊಂಬು ಮಾತ್ರ, ಅದನ್ನು ಟೆಲಿಫೋನ್ ಇಲಾಖೆ ಒದಗಿಸಿತು.

ಆಕೆ ಕಟ್ಟೆಯಿಂದ ಇಳಿದು, ಕೇಳಿದ್ದನ್ನು ಎಲ್ಲರಿಗೂ ತಿಳಿಯಲೆಂದು ಶುದ್ಧ ಕನ್ನಡಕ್ಕೆ ತಂದು ಓಣಿಗೆ ಸಾರಿದಳು: ಪೋಸ್ಟಿನವರ ಹುಡುಗಿಯ ತಲೆ ತೆರೆದು ಕೀವು ತೆಗೆದಿದ್ದಾರೆ. ನಮ್ಮವ್ವ ತಮ್ಮನನ್ನು ಹೆತ್ತು ಇನ್ನೂ ಬಾಣಂತಿ ಕೋಣೆಯಲ್ಲೇ ಇದ್ದಳು. ಅವಳ ಅಳು ಕೇಳಿ ಕೂಸು ಅತ್ತಿತು, ಕೂಸಿನ ಅಳು ಕೇಳಿ ಓಣಿ ಅತ್ತಿತು. ಸಿಟ್ಟಿನ ಎರಡು ಆರು ಮತ್ತು ಅಳೋ ಎರಡು ಆರು ಹಳೆಯ ಜಗಳ ಮರೆತು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರಂತೆ. ಅಳಲು ಸಾಕಷ್ಟು ಜನರಿದ್ದಾರೆ, ಹೋಗಿ ನೋಡಲು ಯಾರೂ ಇಲ್ಲ ಎಂಬುದನ್ನು ಗಮನಿಸಿದ ಬೂಬಮ್ಮ ಮಲಾರ ಹೆಗಲಿಗೇರಿಸಿ ಹರಪನಹಳ್ಳಿ ಬಸ್ಸು ಹತ್ತಿದಳು.

ವಾರ್ಡಿಗೆ ಬಂದವಳು ನನ್ನ ಕಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಎರಡೂ ಕೈಗಳನ್ನು ನನ್ನ ಕೂದಲೊಳಗೆ ತೂರಿಸಿ ನೆತ್ತಿಯಿಂದ ಹಿಂದಲೆಯವರೆಗೆ ತಡಕಿದಳು. ಗಾಯ ಸಿಗಲಿಲ್ಲ, ಒಂದು ಹೇನು ಸಿಕ್ಕಿತು. ಅದನ್ನು ಉಗುರಿನ ಮೇಲೆ ತೀರಿಸಿ, ಮತ್ತೆ ಹುಡುಕಿದಳು. ಅಷ್ಟರಲ್ಲಿ ಅಪ್ಪ ಚಹಾ ತೆಗೆದುಕೊಂಡು ಬಂದ. ಮಂಡಿ ಎಂದರೆ ಯಾವುದು ಎಂಬುದು ಇತ್ಯರ್ಥವಾದ ಮೇಲೆ ಬೂಬಮ್ಮ ಪಟ್ಟಿ ಸುತ್ತಿದ ನನ್ನ ಕಾಲನ್ನು, ವಿಳಾಸ ತಪ್ಪಿ ಬಂದ ಪಾರ್ಸೆಲ್ಲನ್ನು ನೋಡುವಂತೆ ನೋಡಿದಳು.

"ಮೊಣಕಾಲು ಅನ್ನಾಕ ಏನಾಗಿತ್ರಿ ನಿಮಗ?"

"ಡಾಕ್ಟರು ಹಂಗ ಅಂದ್ರು ಬೂಬಮ್ಮ."

"ಅವರು ಅಂದ್ರ ನೀವೂ ಅಂತೀರೇನು? ಇಡೀ ಓಣಿ ಅಳಿಸಿ ಬಂದೀನಲ್ರಿ ನಾನು."

ಅಪ್ಪ ಮತ್ತೆ ಫೋನು ಮಾಡಿ ತಿದ್ದುಪಡಿ ಕಳಿಸಿದ. ಬೂಬಮ್ಮ ಮಾತ್ರ ಹಿಂದಿರುಗುವ ಬಸ್ಸು ಹತ್ತಲಿಲ್ಲ. ಯಾಕೆಂದು ಅಪ್ಪ ಕೇಳಿದಾಗ ಆಕೆ ಹೇಳಿದ ಮಾತು ನನಗೆ ಆಗ ಅರ್ಥವಾಗಿರಲಿಲ್ಲ, ನೆನಪಿನಲ್ಲಿ ಮಾತ್ರ ಉಳಿಯಿತು. "ಈ ಹುಡುಗಿ ನೆಟ್ಟಗ ನಡಕೊಂತ ಬಂದ್ರ ನಗತಾರ, ನಕ್ಕು ಬಿಡ್ತಾರ. ಕುಂಟಿಕೊಂತ ಬಂದ್ಲಂದ್ರ ಬೂಬಮ್ಮನ ಬಾಯಿ ಹತ್ತಿತು ಅಂತಾರ. ಬಾಯಿ ಹತ್ತೋ ಬಳಿಗಾರ್ತಿಗೆ ಯಾರು ಕೈ ಕೊಡ್ತಾರ್ರಿ? ಮದಿವಿ ಮನಿಗೆ ಯಾರು ಕರೀತಾರ?"

ಹೀಗೆ ನನ್ನ ಮೊಣಕಾಲಿಗೆ ಇಬ್ಬರು ವಾರಸುದಾರರಾದರು. ಮೂಳೆ ನನ್ನದು, ಮಾನ ಬೂಬಮ್ಮನದು.

ತಿದ್ದುಪಡಿ ಓಣಿಗೆ ತಲುಪಿತಾದರೂ, ಅಷ್ಟರೊಳಗೆ ಮೂಲಸುದ್ದಿ ತಾಲ್ಲೂಕಿಗೆಲ್ಲ ಹರಡಿತ್ತು. ಕೂಡ್ಲಿಗಿಯಿಂದ ನಮ್ಮ ಸೋದರಮಾವ ಎಳನೀರು ಹಿಡಿದುಕೊಂಡು ಬಂದ. ಕಾಲಿಗೆ ಪಟ್ಟಿ ಕಟ್ಟಿದ್ದನ್ನು ಕಂಡು ಆಸ್ಪತ್ರೆಯವರು ತಲೆಯ ವಿಷಯ ಮುಚ್ಚಿಡುತ್ತಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ಮಂಚದ ಅಂಚಿಗೆ ಕೂತು ಬಹಳ ಮೃದುವಾಗಿ ಏಳೆಂಟ್ಲೆ ಎಷ್ಟು ಎಂದು ಕೇಳಿದ. ನಾನು ಅರವತ್ತೆರಡು ಎಂದೆ. ಮಾವ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಅಪ್ಪನನ್ನು ಬದಿಗೆ ಕರೆದು, ಲೆಕ್ಕದ ನರಕ್ಕೆ ಪೆಟ್ಟು ಬಿದ್ದೈತಿ ಭಾವ ಎಂದ. ಬೂಬಮ್ಮ ಎಲೆಗೆ ಸುಣ್ಣ ಹಚ್ಚುತ್ತ ಅವನನ್ನು ಸಮಾಧಾನ ಮಾಡಿದಳು. "ಹೆದರಬ್ಯಾಡ್ರಿ, ಅದು ಹುಟ್ಟಾ ಹಂಗ ಐತಿ."

ವಾರ್ಡನ್ನು ಆಕೆ ಬಹಳ ಬೇಗ ತನ್ನ ಆಡಳಿತಕ್ಕೆ ತೆಗೆದುಕೊಂಡಳು. ಸಿಸ್ಟರಿಗೆ ಹಸಿರು ಬಳೆ ಇಟ್ಟಳು. ಕಸ ಗುಡಿಸುವವಳಿಗೆ ಕೆಂಪು. ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ನೀಲಗುಂದದ ಅಜ್ಜಿಗೂ, ಮಲಗಿದ್ದಂತೆಯೇ, ಎರಡೂ ಕೈಗೆ. ಆಕೆ ನನ್ನನ್ನು ಪ್ರೀತಿಯಿಂದ ಮುಂಡಿ ಎಂದು ಕೂಗತೊಡಗಿದ್ದಳು. ನಮ್ಮ ಕಡೆಯ ಕನ್ನಡದಲ್ಲಿ ಅದು ಮಗುವಿಗೆ ಅನ್ನಬಾರದ ಬೈಗುಳವಾದ್ದರಿಂದ ಅಜ್ಜಿ ಮೊದಲ ದಿನ ಕೂಸಿಗೆ ಯಾಕವ್ವ ಹಂಗ ಬೈತಿ ಎಂದು ಕಣ್ಣೀರು ಹಾಕಿದಳು. ಎರಡನೆಯ ದಿನ ತಾನೂ ಹಾಗೇ ಕರೆಯತೊಡಗಿದಳು.

ಹೊಲಿಗೆ ಬಿಚ್ಚಿದ ಮೇಲೆ ನಿಜವಾದ ಗಂಡಾಂತರ ಬಂತು. ಡಾಕ್ಟರು ನನ್ನ ಕೆನ್ನೆ ತಟ್ಟಿ, "ಇವತ್ತಿಂದ ಮಂಡಿ ಬಗ್ಗಿಸ್ಬೇಕು ಪುಟ್ಟಿ. ನೋವಾಗುತ್ತೆ ಅಂತ ಬಿಟ್ರೆ ಅದು ಹಾಗೇ ಸೆಟೆದು ಕೂತ್ಬಿಡುತ್ತೆ. ಆಮೇಲೆ ಜೀವಮಾನ ಪೂರ್ತಿ ಕೋಲು ಕಾಲು" ಎಂದರು. ಹೇಗೆ ಬಗ್ಗಿಸಬೇಕೆಂದು ಸಿಸ್ಟರು ತೋರಿಸಿಕೊಟ್ಟಳು: ಮಂಚದ ಅಂಚಿಗೆ ಕೂರಿಸಿ, ತೊಡೆ ಹಿಡಿದು, ಹಿಮ್ಮಡಿಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಬೇಕು. ಆಕೆ ಕೈಯಿಡುವ ಮೊದಲೇ ನಾನು ಕಿರುಚಿದ ಕಿರುಚಾಟಕ್ಕೆ ಹೊರರೋಗಿಗಳಲ್ಲಿ ಇಬ್ಬರು ಚೀಟಿ ಬಿಟ್ಟು ಎದ್ದು ಹೋದರಂತೆ. ಅಪ್ಪ ಮಗಳ ನೋವು ನೋಡಲಾರದೆ ಚಹಾ ಕುಡಿಯಲು ಹೋದ. ಆಮೇಲಿನ ದಿನಗಳಲ್ಲೂ ಮೊಣಕಾಲಿನ ಸಮಯಕ್ಕೆ ಸರಿಯಾಗಿ ಅವನಿಗೆ ಚಹಾದ ನೆನಪಾಗುತ್ತಿತ್ತು.

ಸಿಸ್ಟರು ಸೋತು ಹೋದ ಮೇಲೆ ಬೂಬಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು. ನಾನು ಆಕೆಯ ಮುಂಗೈಗೆ ಬಾಯಿ ಹಾಕಿ, ಇದ್ದಬದ್ದ ಹಲ್ಲುಗಳನ್ನೆಲ್ಲ ಊರಿದೆ. ಆಕೆ ಕೂಗಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ನಾನು ಬಿಟ್ಟ ಮೇಲೆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪಗೆ ದುಂಡಗೆ ಮೂಡಿದ ಗುರುತನ್ನು ವ್ಯಾಪಾರಿಯ ಕಣ್ಣಿನಿಂದ ಪರೀಕ್ಷಿಸಿದಳು.

"ನೋಡ್ರಿ ಅಜ್ಜಿ, ನನ್ನ ಕೈಗೂ ಒಂದು ಬಳಿ ಇಟ್ಲು ಹುಡುಗಿ."

ಆಮೇಲೆ ಕಾಲಿನ ತಂಟೆಗೆ ಹೋಗದೆ, ನನ್ನ ಪಕ್ಕ ಕೂತು, ಸಿಟ್ಟಿನ ಎರಡು ಆರು ಮತ್ತು ಅಳೋ ಎರಡು ಆರು ಮಾತು ಬಿಟ್ಟದ್ದು ಯಾಕೆ ಗೊತ್ತೇನು ಎಂದು ಅಜ್ಜಿಯನ್ನು ಕೇಳಿದಳು. ನೀಲಗುಂದದ ಅಜ್ಜಿಗೆ ಅವರಿಬ್ಬರು ಯಾರೆಂದೇ ತಿಳಿಯದು, ಆದರೂ ಯಾಕವ್ವ ಎಂದಳು. ಕತೆ ಶುರುವಾಯಿತು. ಅದರಲ್ಲಿ ಒಂದು ಹಿಟ್ಟಿನ ಜರಡಿ ಇತ್ತು, ಕೇಳದೆ ಒಯ್ದದ್ದಿತ್ತು, ಹಿಂದಿರುಗಿಸುವಾಗ ಅದರೊಳಗೆ ಏನೋ ಇತ್ತು. ಏನಿತ್ತು ಎಂಬಲ್ಲಿಗೆ ಬಂದು ಬೂಬಮ್ಮ ಕಡ್ಡಿಪುಡಿಯ ಡಬ್ಬಿ ತೆಗೆದಳು. ನಾನು ಉಸಿರು ಬಿಗಿಹಿಡಿದು, ಏನಿತ್ತು ಎಂದೆ.

"ಕಾಲು ಹಿಂದ ಹೋಗ್ಲಿ, ಕತಿ ಮುಂದ ಬರತೈತಿ."

ಕಾಲು ಒಂದು ಬೆರಳಿನಷ್ಟು ಹಿಂದೆ ಹೋಯಿತು. ಕತೆಯೂ ಅಷ್ಟೇ ಮುಂದೆ ಬಂತು. ಆಕೆಯ ಒಂದು ಕೈ ನನ್ನ ಹಿಮ್ಮಡಿಯ ಮೇಲಿದ್ದದ್ದು ನನಗೆ ಆಮೇಲೆ ತಿಳಿಯಿತು. ದಿನಾ ಹೀಗೆಯೇ ನಡೆಯಿತು. ಕೊಟ್ಟೂರಿನ ಮಾನ ಹರಪನಹಳ್ಳಿಯ ವಾರ್ಡಿನಲ್ಲಿ ಬೆರಳು ಬೆರಳಷ್ಟು ಬಿಚ್ಚಿಕೊಳ್ಳುತ್ತ ಹೋಯಿತು. ಹೆಡ್ ಮೇಡಂ ಪಾಠ ಹೇಳುತ್ತ ನಿದ್ದೆ ಹೋದದ್ದು, ಕಿರಾಣಿ ಅಂಗಡಿಯವನು ಹೆಂಡತಿಗೆ ಹೆದರಿ ಅಟ್ಟ ಹತ್ತಿದ್ದು, ನಮ್ಮಪ್ಪ ಮದುವೆಗೆ ಮೊದಲು ಬೇರೆ ಹೆಣ್ಣು ನೋಡಲು ಹೋಗಿ ಬರೇ ಅವಲಕ್ಕಿ ತಿಂದು ಬಂದದ್ದು. ನಾನು ಅಳುತ್ತ ನಿಲ್ಲಿಸಿದರೆ ಬೂಬಮ್ಮ ಕತೆಯನ್ನೂ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಪಕ್ಕದ ಮಂಚದಿಂದ ಅಜ್ಜಿಯೇ ಗೋಗರೆಯುತ್ತಿದ್ದಳು. "ಸ್ವಲ್ಪ ಮಡಚ ನಮ್ಮವ್ವ, ಅಟ್ಟದಿಂದ ಇಳದ್ನೋ ಇಲ್ಲೋ ಕೇಳೂನು."

ಕಾಲು ಕುರ್ಚಿಯ ಮೇಲೆ ಕೂರುವಷ್ಟು ಮಡಚಿತು. ಅಲ್ಲಿಗೆ ನಿಂತುಬಿಟ್ಟಿತು. ಹೇಗೆ ಒತ್ತಿದರೂ ಮುಂದೆ ಜಪ್ಪಯ್ಯ ಅನ್ನಲಿಲ್ಲ. ಡಾಕ್ಟರು ಬಂದು ಒತ್ತಿ ನೋಡಿ, ನಾಳೆಯೂ ಹೀಗೇ ಇದ್ದರೆ ಮಂಪರು ಕೊಟ್ಟು ತಾವೇ ಬಗ್ಗಿಸಬೇಕಾಗುತ್ತದೆ, ಒಳಗೆ ಹರಿದರೆ ಮತ್ತೆ ಮೊದಲಿಂದ ಎಂದು ಅಪ್ಪನಿಗೆ ಹೇಳಿ ಹೋದರು. ಅಪ್ಪ ಈ ಸಲ ಚಹಾಕ್ಕೂ ಹೋಗಲಿಲ್ಲ. ಗೋಡೆಗೆ ಒರಗಿ ನಿಂತ.

ಅದಕ್ಕಿಂತ ದೊಡ್ಡ ಸಂಕಟವೆಂದರೆ ಬೂಬಮ್ಮನ ಹತ್ತಿರ ಕೊಟ್ಟೂರು ಖಾಲಿಯಾಗಿತ್ತು. ಹಗರಿಬೊಮ್ಮನಹಳ್ಳಿಯ ಯಾರದೋ ಸುದ್ದಿ ತೆಗೆದಳು. ಗುರುತಿಲ್ಲದವರ ಮಾನ ಹೋದರೆ ನಮಗೇನು ಸ್ವಾರಸ್ಯ? ಹಳೆಯ ಜರಡಿಯನ್ನೇ ಮತ್ತೆ ತೆಗೆದಳು, ಅದು ನನಗೂ ಅಜ್ಜಿಗೂ ಬಾಯಿಪಾಠವಾಗಿತ್ತು. ಆಕೆಯ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಮ್ಮಡಿಯ ಮೇಲಿದ್ದ ಆಕೆಯ ಕೈಯನ್ನೇ ನೋಡುತ್ತ ನಾನು ಕೇಳಿದೆ.

"ಎಲ್ಲಾರಿಗೂ ಬಳಿ ಇಡ್ತಿ. ನಿನ್ನ ಕೈಗ್ಯಾಕ ಇಲ್ಲ ಬೂಬಮ್ಮ?"

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಸಿಸ್ಟರು ಥರ್ಮಾಮೀಟರ್ ಒದರುತ್ತಿದ್ದವಳು ಅದನ್ನು ಹಾಗೇ ಹಿಡಿದು ನಿಂತಳು. ಗೋಡೆಗೆ ಒರಗಿದ್ದ ಅಪ್ಪ ಕೂಡ, ಪರಮ ಸಭ್ಯನಾದರೂ ಕೊಟ್ಟೂರಿನವನೇ ಆದ್ದರಿಂದ, ಒಂದು ಹೆಜ್ಜೆ ಹತ್ತಿರ ಬಂದ. ಬೂಬಮ್ಮ ನನ್ನನ್ನು ನೋಡಿದಳು. ಮುಂಗೈಯನ್ನಲ್ಲ, ಮುಖವನ್ನು.

"ಹಿಮ್ಮಡಿ ಕುಂಡಿಗೆ ಹತ್ಲಿ," ಎಂದಳು. "ಹೇಳ್ತೀನಿ."

ನಾನು ಕಣ್ಣು ಮುಚ್ಚಿಕೊಂಡೆ. ಒಳಗೆಲ್ಲೋ ಹಸಿ ಕಟ್ಟಿಗೆ ಸೀಳಿದ ಹಾಗಾಯಿತು. ಕಿರುಚಿದರೆ ಕತೆ ತಪ್ಪಿ ಹೋದೀತೆಂದು ತುಟಿ ಕಚ್ಚಿಕೊಂಡೆ. ಬೆವರೋ ಕಣ್ಣೀರೋ ಎಲ್ಲ ಸೇರಿ ಕುತ್ತಿಗೆಗೆ ಇಳಿಯುತ್ತಿತ್ತು. ಆಕೆಯ ಕೈ ಒತ್ತುತ್ತಿತ್ತೋ, ನಾನೇ ಎಳೆದುಕೊಳ್ಳುತ್ತಿದ್ದೆನೋ ಈಗ ಹೇಳಲಾರೆ. ಕಡೆಗೊಮ್ಮೆ ನನ್ನ ಹಿಮ್ಮಡಿ, ಆಕೆ ಹೇಳಿದ ಸ್ಥಾನಕ್ಕೇ, ಹೋಗಿ ತಾಗಿತು.

"ಹತ್ತೇತಿ. ಹೇಳು."

ಬೂಬಮ್ಮ ಬಾಗಿ, ಹತ್ತಿದೆಯೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದಳು. ಬೆರಳು ಹೋಗಲಿಲ್ಲ. ನಿಧಾನವಾಗಿ ಎದ್ದು, ಸೆರಗಿನಿಂದ ನನ್ನ ಮುಖ ಒರೆಸಿ, "ನನ್ನ ಸೈಜು ಸಿಗಂಗಿಲ್ಲ" ಎಂದು ಹೇಳಿ, ಎಲೆ ಉಗುಳಲು ಹೊರಗೆ ಹೋದಳು.

ಮೋಸಹೋದ ಸಿಟ್ಟಿಗೆ ನಾನು ಅತ್ತ ಅಳುವಿನ ಮುಂದೆ ಹಿಂದಿನ ನೋವಿನ ಅಳುಗಳೆಲ್ಲ ತಾಲೀಮು. ನೀಲಗುಂದದ ಅಜ್ಜಿಯೂ ನನ್ನ ಪರವಾಗಿ ನಾಲ್ಕು ಮಾತು ಬೈದಳು. ಮರುದಿನ ಡಾಕ್ಟರು ಬಂದು ನೋಡಿ ವೆರಿ ಗುಡ್ ಎಂದರು, ತಾವು ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲೂ ಬಿಡದೆ ಮಾಡಬೇಕೆಂದರು. ಅವರು ಹೇಳಿದ್ದು ಸರಿಯೇ ಇತ್ತು. ಬಿಟ್ಟ ದಿನ ಕಾಲು ಬಿಗಿಯುತ್ತಿತ್ತು.

ಕೊಟ್ಟೂರಿನ ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಯವರೆಗೆ ಬೂಬಮ್ಮ ನನ್ನ ಮುಂದೆ ಮುಂದೆ ನಡೆದಳು. ಅಪ್ಪ ಎತ್ತಿಕೊಳ್ಳಲು ಬಂದರೆ ಬಿಡಲಿಲ್ಲ. ಕಿರಾಣಿ ಅಂಗಡಿಯ ಮುಂದೆ ಜನ ಸೇರಿತ್ತು. ಅಲ್ಲಿ ನನ್ನನ್ನು ನಿಲ್ಲಿಸಿ, ಕುಕ್ಕರಗಾಲಿನಲ್ಲಿ ಕೂರಿಸಿ ಏಳಿಸಿದಳು. ಒಮ್ಮೆಗೇ ನಂಬದವರಿಗಾಗಿ ಇನ್ನೊಮ್ಮೆ ಏಳಿಸಿದಳು. ತಲಿ ಕೊಯ್ದಾರ ಅಂದಿದ್ದಿಯಲ್ಲ ಎಂದು ಸಿಟ್ಟಿನ ಎರಡು ಆರು ಕೊಂಕು ತೆಗೆದಾಗ, "ತಲಿ ಕೊಯ್ದೂ ನಡಿಯಾಕ ಹತ್ಯಾಳಲ್ಲ, ಇನ್ನೇನಾಗಬೇಕು?" ಎಂದು ಕೇಳಿ, ಆ ಹೆಂಗಸಿನ ಕೈ ಎಳೆದು ಮಡಿಲಲ್ಲಿಟ್ಟುಕೊಂಡು ಮಲಾರ ಬಿಚ್ಚಿದಳು. ಆಕೆ ಕೈ ಕೊಟ್ಟಳು. ಆಮೇಲೆ ಉಳಿದವರೂ ಕೊಟ್ಟರು.

ನನ್ನ ಮದುವೆಯಲ್ಲಿ ಬಳೆ ಇಟ್ಟವಳೂ ಆಕೆಯೇ. ಚಕ್ಕಳಮಕ್ಕಳ ಹಾಕಿ ಕೂಡು ಎಂದು ಗದರಿ, ನಾನು ಕೂತದ್ದನ್ನು ನೋಡಿ ಬೀಗರ ಕಡೆಯವರಿಗೆಲ್ಲ ನನ್ನ ತಲೆಯ ಆಪರೇಷನ್ನಿನ ಕತೆ ಹೇಳಿದಳು. ನಮ್ಮ ಅತ್ತೆ ಇಂದಿಗೂ ನನ್ನನ್ನು ಸ್ವಲ್ಪ ಎಚ್ಚರಿಕೆಯಿಂದ ನೋಡುತ್ತಾರೆ.

ಬೂಬಮ್ಮ ಹೋದ ಸುದ್ದಿಯೂ ಫೋನಿನಲ್ಲೇ ಬಂತು. ಆ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲು. ಮಾತು ಎಷ್ಟು ಸ್ಪಷ್ಟವಾಗಿತ್ತೆಂದರೆ ತಪ್ಪು ಕೇಳಿಸಿಕೊಳ್ಳುವ ಅವಕಾಶವೇ ಇರಲಿಲ್ಲ.

ಅದಕ್ಕೆ ಕೆಲವು ತಿಂಗಳ ಮುಂಚೆ ನಾನು ಹೂವಿನಹಡಗಲಿಗೆ ಹೋಗಿದ್ದೆ. ಕೊನೆಗಾಲದಲ್ಲಿ ಆಕೆ ಅಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಳು. ಪಡಸಾಲೆಯ ತುಂಬ ಹೆಂಗಸರು ಮಲ್ಲಿಗೆ ಕಟ್ಟುತ್ತಿದ್ದರು, ಮೂಲೆಯ ಹಗ್ಗದ ಹೊರಸಿನ ಮೇಲೆ ಬೂಬಮ್ಮ. ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ನನ್ನ ಕೈ ಹಿಡಿದು ಹೆಬ್ಬೆರಳ ಬುಡ ಒತ್ತಿ ನೋಡಿ, "ಎರಡು ನಾಕು. ಕೊಟ್ಟೂರು ಪೋಸ್ಟಿನವರ ಮನಿ ಕೈ ಇದು. ಮುಂಡಿ ಏನ?" ಎಂದಳು. ಹೌದೆಂದೆ. ನೆಲಕ್ಕೆ ಕೂಡು ಎಂದಳು. ಕೂತೆ. ಹೊರಸಿನಿಂದ ಬಾಗಿ, ಮಡಚಿದ ನನ್ನ ಮೊಣಕಾಲನ್ನೂ, ಅದರ ಕೆಳಗೆ ಸಿಕ್ಕಿಕೊಂಡ ಹಿಮ್ಮಡಿಯನ್ನೂ ತಡವಿ ನೋಡಿ ತೃಪ್ತಳಾದಳು.

ನಾನು ಚೀಲದಿಂದ ಹಸಿರು ಗಾಜಿನ ಬಳೆ ತೆಗೆದೆ. ಬಳ್ಳಾರಿಯ ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿ, ನಕ್ಕವರ ಮುಂದೆ ಹಟ ಹಿಡಿದು, ಇದ್ದುದರಲ್ಲೇ ಅತಿ ದೊಡ್ಡದನ್ನು ಹುಡುಕಿ ತಂದಿದ್ದೆ. ನನ್ನ ಕಣ್ಣಲ್ಲಿ ಇದ್ದದ್ದು ನನ್ನ ಹಿಮ್ಮಡಿಯನ್ನು ಹಿಡಿದು ಒತ್ತಿದ್ದ ಆ ದಪ್ಪ ಕೈ. ಸೈಜು ಸಿಕ್ಕೈತಿ ಬೂಬಮ್ಮ, ಇನ್ನ ಕತಿ ಹೇಳಬೇಕು ಎಂದು ಹೇಳುತ್ತ ಆಕೆಯ ಕೈ ಹಿಡಿದೆ. ಹಿಚುಕುವ ಪ್ರಮೇಯವೇ ಬರಲಿಲ್ಲ. ಕೈ ಒಣಗಿ ಕಡ್ಡಿಯಾಗಿತ್ತು. ಬಳೆಗಳು ಸರ್ರನೆ ಮೊಣಕೈವರೆಗೆ ಹೋದವು, ಆಕೆ ಕೈ ಇಳಿಬಿಟ್ಟಾಗ ಅಷ್ಟೇ ಸಲೀಸಾಗಿ ಜಾರಿ ಮಲ್ಲಿಗೆಯ ರಾಶಿಯ ಮೇಲೆ ಬಿದ್ದವು. ಒಂದೂ ಒಡೆಯಲಿಲ್ಲ.

ಬೂಬಮ್ಮ ಹಲ್ಲಿಲ್ಲದ ಬಾಯಿ ತೆರೆದು ಬಹಳ ಹೊತ್ತು ನಕ್ಕಳು.

"ಈಗ ನಾನೂ ಕೂಸಿನ ಸೈಜು. ಅವತ್ತ ಹೇಳಿದ್ನೋ ಇಲ್ಲೋ, ನನ್ನ ಸೈಜು ಸಿಗಂಗಿಲ್ಲ ಅಂತ?"

ಆಮೇಲೆ ಬಲ ಮುಂಗೈಯನ್ನು ಎಡಗೈಯಿಂದ ಸವರಿಕೊಳ್ಳುತ್ತ, ಅಲ್ಲಿ ಈಗ ಏನೂ ಇಲ್ಲದ ಜಾಗದಲ್ಲಿ ಬೆರಳನ್ನು ಒಂದು ಸುತ್ತು ತಿರುಗಿಸಿದಳು.

"ದವಾಖಾನ್ಯಾಗ ನೀ ಹಲ್ಲಿಲೆ ಬಳಿ ಇಟ್ಟಿದ್ದಿಯಲ್ಲ, ಅದೊಂದ ನೋಡು ಸರೀಗೆ ಕುಂತಿದ್ದು."